ಮೂರನೆಯ ಗಂಡನ ತಲೆ

ನಾನು ಅರ್ಧ ಜೀವಮಾನ ಪಾಠ ಮಾಡಿದ ಸಾಮ್ರಾಜ್ಯಕ್ಕೆ, ಅದು ಬದುಕಿದ್ದಾಗ, ಆ ಹೆಸರೇ ಇರಲಿಲ್ಲ. ಕಾನ್‌ಸ್ಟಾಂಟಿನೋಪಲ್ಲಿನ ಬೀದಿಯಲ್ಲಿ ಮೀನು ಮಾರುವವನೊಬ್ಬನನ್ನು ನಿಲ್ಲಿಸಿ ನೀನು ಯಾರಪ್ಪಾ ಎಂದು ಕೇಳಿದ್ದರೆ, ಆಡುತ್ತಿದ್ದುದು ಗ್ರೀಕ್ ಭಾಷೆಯಾದರೂ, ನಾನು ರೋಮನ್ ಎಂದೇ ಹೇಳುತ್ತಿದ್ದ. ಅವರ ದೊರೆ ರೋಮನ್ನರ ದೊರೆ, ಅವರ ಕಾನೂನು ರೋಮನ್ನರ ಕಾನೂನು. ಊರು ತುರ್ಕರ ಕೈ ಸೇರಿ, ಅವರೆಲ್ಲ ಸತ್ತು ಮಣ್ಣಾದ ಮೇಲೆ, ಎಲ್ಲೋ ದೂರದ ಪಂಡಿತರು ಕೂತು ಅವರಿಗೆ ಬೈಜಾಂಟೈನರು ಎಂದು ನಾಮಕರಣ ಮಾಡಿದರು. ಸತ್ತವರು ಎದ್ದು ಬಂದು ಜಗಳಕ್ಕೆ ನಿಲ್ಲುವುದಿಲ್ಲವಲ್ಲ, ಹಾಗಾಗಿ ಆ ಹೆಸರೇ ನಿಂತುಹೋಯಿತು.

ಈಗ ಅದು ಬೈಗುಳವೂ ಆಗಿದೆ. ಮಾರತ್ತಹಳ್ಳಿಯ ನಮ್ಮ ಆಫೀಸಿನಲ್ಲಿ ಒಂದು ದಿನದ ರಜೆಗೆ ಹತ್ತು ಜನರ ಒಪ್ಪಿಗೆ ಬೇಕಾದಾಗಲೆಲ್ಲ ನಮ್ಮ ಮೇಲಿನ ಅಧಿಕಾರಿಯಾದ ಕಂಟೆಂಟ್ ಹೆಡ್, "ಏನ್ ಗುರು, ಈ ಪ್ರೊಸೆಸ್ ಪೂರ್ತಿ ಬೈಜಾಂಟೈನ್" ಎನ್ನುತ್ತಿದ್ದ. ನನಗಿಂತ ಎಷ್ಟೋ ಚಿಕ್ಕವನು. ನನ್ನೆದುರೇ ಹೇಳುತ್ತಿದ್ದ. ಸಾವಿರ ವರ್ಷ ಕಚೇರಿ ನಡೆಸಿ, ಆಸ್ಪತ್ರೆ ಕಟ್ಟಿ, ಹಳೆಯ ಗ್ರೀಕರ ಪುಸ್ತಕಗಳನ್ನು ಕೈಯಲ್ಲಿ ನಕಲು ಮಾಡಿ ಉಳಿಸಿಕೊಟ್ಟವರ ಹೆಸರು ಕೊನೆಗೆ ಉಪಯೋಗಕ್ಕೆ ಬಂದಿದ್ದು ಇದಕ್ಕೆ. ನನಗೆ ಮೈ ಉರಿಯುತ್ತಿತ್ತು. ಆದರೆ ಸಂಬಳ ಕೊಡುವ ಜಾಗದಲ್ಲಿ ಮೈ ಉರಿದರೆ ಒಂದು ಲೋಟ ನೀರು ಕುಡಿದು ಕೂರಬೇಕು.

ಆ ಆಫೀಸು ಪರೀಕ್ಷೆಗೆ ಓದುವವರಿಗಾಗಿ ಫೋನಿನಲ್ಲಿ ಪಾಠ ಮಾರುವ ಕಂಪನಿ. ಅದಕ್ಕೂ ಮೊದಲು ನಾನು ಪೀಣ್ಯದ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದೆ. ಕಾಲೇಜಿನ ಒಂದು ಗೋಡೆಗೆ ಆತುಕೊಂಡು ಬೋಲ್ಟು ಮಾಡುವ ಶೆಡ್ಡು, ಇನ್ನೊಂದು ಗೋಡೆಯಾಚೆ ಬಣ್ಣ ಹೊಡೆಯುವ ಶೆಡ್ಡು. ಬಣ್ಣದ ವಾಸನೆಗೆ ತಲೆನೋವು ಬರುತ್ತಿದೆ ಎಂದು ಮಕ್ಕಳು ಹೇಳಿದರೆ, ನನ್ನ ಪಾಠಕ್ಕಲ್ಲ ತಾನೆ ಎಂದು ಕೇಳುತ್ತಿದ್ದೆ. ವಿಶ್ವ ಇತಿಹಾಸದ ಪತ್ರಿಕೆಯಲ್ಲಿ ಬೈಜಾಂಟೈನರಿಗೆ ಕೊಟ್ಟಿದ್ದು ಒಂದು ಮೂಲೆ. ನಾನು ಆ ಮೂಲೆಯನ್ನೇ ಎಳೆದು ಎಳೆದು ವಾರಗಟ್ಟಲೆ ಹೇಳುತ್ತಿದ್ದೆ.

ಎಲ್ಲರಿಗೂ ಇಷ್ಟವಾಗುತ್ತಿದ್ದುದು ಅವರ ಕ್ರೌರ್ಯ. ದೊರೆಯಾಗುವವನ ದೇಹದಲ್ಲಿ ಊನ ಇರಬಾರದೆಂಬುದು ಅಲ್ಲಿನ ನಂಬಿಕೆ. ಹಾಗಾಗಿ ಸಿಂಹಾಸನದಿಂದ ಇಳಿಸಿದವನನ್ನು ಕೊಲ್ಲುವುದಕ್ಕೆ ಬದಲು ಕಣ್ಣು ಕೀಳಿಸುತ್ತಿದ್ದರು, ಇಲ್ಲವೇ ಮೂಗು ಕುಯ್ಯಿಸುತ್ತಿದ್ದರು. ಆಮೇಲೆ ತಲೆ ಬೋಳಿಸಿ ಮಠಕ್ಕೆ ಕಳಿಸುತ್ತಿದ್ದರು. ಒಬ್ಬ ಮಾತ್ರ ಮೂಗು ಕುಯ್ಯಿಸಿಕೊಂಡು ಹೋದವನು ಸೈನ್ಯ ಕಟ್ಟಿಕೊಂಡು ವಾಪಸು ಬಂದು ಮತ್ತೆ ಗದ್ದುಗೆಯ ಮೇಲೆ ಕೂತ. ಮಕ್ಕಳು ಅವನಿಗೆ ಚಪ್ಪಾಳೆ ಹೊಡೆಯುತ್ತಿದ್ದರು. ಅವನ ಆ ಮೂಗಿಲ್ಲದ ಮುಖ ಎಷ್ಟು ವಿಕಾರವಾಗಿದ್ದರೂ ಅವನದೇ ಆಗಿತ್ತು ಎಂಬುದರ ಬೆಲೆ ನನಗೆ ಆಗ ಗೊತ್ತಿರಲಿಲ್ಲ.

ನನಗೆ ಇಷ್ಟವಾಗಿದ್ದುದು ಬೇರೆ. ಕಾನ್‌ಸ್ಟಾಂಟಿನೋಪಲ್ಲಿನ ದೊಡ್ಡ ಇಗರ್ಜಿಯ ಮೇಲ್ಮಹಡಿಯ ಗೋಡೆಯಲ್ಲಿ ಒಂದು ಚಿತ್ರವಿದೆ. ಬಣ್ಣ ಬಳಿದದ್ದಲ್ಲ, ಬಣ್ಣದ ಗಾಜಿನ, ಕಲ್ಲಿನ, ಚಿನ್ನದ ಚೂರುಗಳನ್ನು ಒಂದೊಂದಾಗಿ ಗಾರೆಗೆ ಒತ್ತಿ ಮಾಡಿದ್ದು, ಮೊಸಾಯಿಕ್. ನಡುವೆ ಕ್ರಿಸ್ತ, ಒಂದು ಕಡೆ ದೊರೆ, ಇನ್ನೊಂದು ಕಡೆ ರಾಣಿ. ರಾಣಿ ಮೂರು ಮದುವೆಯಾದವಳು. ಈಗ ಅಲ್ಲಿ ಕಾಣುವ ದೊರೆಯ ತಲೆ ಮೂರನೆಯ ಗಂಡನದು. ಮೈ ಹಿಂದಿನ ಗಂಡನದು. ಗಂಡ ಬದಲಾದ ಹಾಗೆ ಹಳೆಯ ತಲೆಯನ್ನು ಕೆತ್ತಿ ತೆಗೆದು, ಅದೇ ಜರತಾರಿ ಬಟ್ಟೆಯ ಮೇಲೆ, ಅದೇ ಹೆಗಲ ಮೇಲೆ ಹೊಸ ತಲೆಯನ್ನು ಕೂರಿಸಿದ್ದಾರೆ. ತಲೆಯ ಮೇಲಿದ್ದ ಹೆಸರನ್ನೂ ಕೆತ್ತಿ ಹೊಸ ಹೆಸರನ್ನು ಇದ್ದ ಜಾಗಕ್ಕೆ ತುರುಕಿದ್ದಾರೆ. ವಿಚಿತ್ರವೆಂದರೆ ರಾಣಿಯ ಮುಖವನ್ನೂ, ನಡುವಿನ ಕ್ರಿಸ್ತನ ಮುಖವನ್ನೂ ಬಿಡದೆ ಮತ್ತೆ ಮಾಡಿದ್ದಾರೆ. ಏಕೆಂದು ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. ವಯಸ್ಸಾದ ಹೆಂಗಸು ಆ ರಾಣಿ. ಗೋಡೆಯ ಮೇಲೆ ಮಾತ್ರ ಅವಳ ಕೆನ್ನೆಯಲ್ಲಿ ಒಂದೂ ಸುಕ್ಕಿಲ್ಲ.

ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಕಾರ್ಖಾನೆಯ ಕಾಲೋನಿಯ ಲೈಬ್ರರಿಯಲ್ಲಿ, ರಟ್ಟು ಕಿತ್ತುಹೋದ ಒಂದು ದಪ್ಪ ಪುಸ್ತಕದಲ್ಲಿ. ನಾನು ಹುಟ್ಟಿ ಬೆಳೆದದ್ದು ಯಂತ್ರಗಳನ್ನು ಮಾಡುತ್ತಿದ್ದ ಒಂದು ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಮೊಸಾಯಿಕ್ ಎಂದರೆ ನಮಗೆ ಆಫೀಸರುಗಳ ಬಂಗಲೆಯ ನೆಲ. ಅದು ಗೋಡೆ ಹತ್ತಿ ರಾಜರಾಣಿಯರಾಗಬಲ್ಲದು ಎಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ.

ಅಪ್ಪ ಆ ಕಾರ್ಖಾನೆಯ ಸ್ಕ್ರೇಪಿಂಗ್ ವಿಭಾಗದಲ್ಲಿದ್ದರು. ಲೋಹ ಕಡೆಯುವ ಲೇತು ಯಂತ್ರದ ಕೆಳಗಿನ ಉದ್ದನೆಯ ಕಬ್ಬಿಣದ ಹಾಸು ನುಣುಪಾಗಿ, ಮಟ್ಟಸವಾಗಿ ಇರಬೇಕಲ್ಲ, ಅದನ್ನು ಕೊನೆಗೆ ಕೈಯಿಂದಲೇ ಹೆರೆದು ಸರಿಮಾಡುವ ಕೆಲಸ. ನೀಲಿ ಹಚ್ಚಿ, ಉಬ್ಬು ಎಲ್ಲಿದೆ ನೋಡಿ, ಉಳಿಯಂಥ ಒಂದು ಸಲಕರಣೆಯನ್ನು ಸೊಂಟಕ್ಕೆ ಆನಿಸಿ ತಳ್ಳಬೇಕು. ಹೆರೆದ ಕಡೆಯೆಲ್ಲ ಅರ್ಧಚಂದ್ರದ ಗುರುತು ಬೀಳುತ್ತದೆ. ಒಬ್ಬೊಬ್ಬರ ಚಂದ್ರ ಒಂದೊಂದು ಥರ ಎನ್ನುತ್ತಿದ್ದರು ಅಪ್ಪ. ಕಾರ್ಖಾನೆ ಮುಚ್ಚಿತು. ಯಂತ್ರಗಳು ಕೈಗೆ ಬಂದ ಬೆಲೆಗೆ ಹೋದವು. ಜಾಗದಲ್ಲಿ ಈಗ ಗೋಪುರದಂಥ ಅಪಾರ್ಟ್‌ಮೆಂಟುಗಳಿವೆ. ಹಾಗಿದ್ದೂ ಅಲ್ಲಿ ಕೆಲಸ ಮಾಡಿದವರು ಸಿಕ್ಕಾಗ ಇಂದಿಗೂ "ನಾವು ಫ್ಯಾಕ್ಟರಿಯವರು" ಎಂದೇ ಹೇಳಿಕೊಳ್ಳುತ್ತಾರೆ. ಇಲ್ಲದ ರೋಮಿನ ರೋಮನ್ನರು ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ನಾನು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಹೊಸತರಲ್ಲಿ ಅಪ್ಪ ಒಂದು ಭಾನುವಾರ ಪೀಣ್ಯದ ಎರಡನೇ ಹಂತದಲ್ಲಿದ್ದ ಅವರ ಗೆಳೆಯರ ಶೆಡ್ಡಿಗೆ ನನ್ನನ್ನು ಕರೆದುಕೊಂಡು ಹೋದರು. ಅಲ್ಲೊಂದು ಹಳೆಯ ಲೇತು ಓಡುತ್ತಿತ್ತು. ಗಿಳಿಹಸಿರು ಬಣ್ಣ, ಎದೆಯ ಮೇಲೆ ಬೇರೆ ಯಾವುದೋ ಕಂಪನಿಯ ಹೊಳೆಯುವ ಹೆಸರಿನ ಫಲಕ. ಅಪ್ಪ ಅದರ ಸುತ್ತ ಒಂದು ಸುತ್ತು ಬಂದರು. ಹೆಚ್ಚು ಸವೆಯದ ತುದಿಯಲ್ಲಿ ಎಣ್ಣೆಯನ್ನು ಹೆಬ್ಬೆರಳಿನಿಂದ ಒರೆಸಿ ಬಗ್ಗಿ ನೋಡಿದರು.

"ಇದು ನಮ್ದು ಕಣಮ್ಮ. ಈ ಚಂದ್ರ ನೋಡು. ನನ್ ಕೈದೇ ಇದು."

ಶೆಡ್ಡಿನ ಮಾಲೀಕರು ನಕ್ಕು, "ಯಜಮಾನ್ರೇ, ಪ್ಲೇಟ್ ಓದ್ರೀ" ಎಂದರು.

"ಪ್ಲೇಟು ಯಾರ್ ಬೇಕಾದ್ರೂ ಹೊಡೀಬೋದು ಬಿಡಿ ಸ್ವಾಮಿ" ಎಂದರು ಅಪ್ಪ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವರಿಗೆ ರಾಣಿಯ ಮೂರನೆಯ ಗಂಡನ ಕತೆ ಹೇಳಿದೆ. ಅವರಿಗೆ ಅದು ತಕ್ಷಣ ಹಿಡಿಸಿತು. "ಹಂಗಾದ್ರೆ ಮೈ ಒಬ್ಬಂದು, ತಲೆ ಇನ್ನೊಬ್ಬಂದು. ಪಾಪ ಕಣೇ ಆ ಮೈ ಇದ್ದೋನು" ಎಂದು ಮರುಗಿದರು. ಆಮೇಲೆ ನನ್ನತ್ತ ತಿರುಗಿ, "ಜೋಡಿಸಿರೋ ಕಡೆ ಗೊತ್ತಾಗತ್ತಾ?" ಎಂದು ಕೇಳಿದರು.

"ಗೊತ್ತಾಗತ್ತಪ್ಪ. ಕತ್ತಿನ ಹತ್ರ ಚೂರುಗಳ ಸಾಲು ಹೊಂದಲ್ಲ."

"ಗೊತ್ತಾಗ್ಲೇಬೇಕು. ನೋಡೋನಿಗೆ ಕಣ್ಣಿದ್ರೆ ಗೊತ್ತಾಗ್ಲೇಬೇಕು" ಎಂದರು.

ಅಂದಿನಿಂದ ಆ ಮೊಸಾಯಿಕ್ಕಿನ ಪಾಠಕ್ಕೆ ಆ ಲೇತಿನ ಕತೆ ಅಂಟಿಕೊಂಡಿತು. ಪ್ರತಿ ವರ್ಷ ನನ್ನ ತಂದೆ, ಅವರ ಹೆಬ್ಬೆರಳು, ಅರ್ಧಚಂದ್ರ ಎಂದು ಹೇಳಿ, ಆಮೇಲೆ ರಾಣಿಯ ಗಂಡನಿಗೆ ಬರುತ್ತಿದ್ದೆ. ಅಪ್ಪನಿಗೆ ಮಾತ್ರ ಇದನ್ನು ಹೇಳಲಿಲ್ಲ. ಎದುರಿಗೇ ಹೊಗಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಪ್ಪ ಒಮ್ಮೆ, "ನಿಮ್ಮಪ್ಪ ಏನ್ಮಾಡ್ತಾರೆ ಅಂತ ಕಾಲೇಜಲ್ಲಿ ಕೇಳಿದ್ರೆ ಏನಂತೀಯ?" ಎಂದು ಕೇಳಿದಾಗ ನಾನು ಉತ್ತರ ಪತ್ರಿಕೆ ತಿದ್ದುತ್ತಾ, "ರಿಟೈರ್ಡ್ ಅಂತೀನಿ" ಎಂದಿದ್ದೆ. ಅವರು ಓದುತ್ತಿದ್ದ ನ್ಯೂಸ್ ಪೇಪರನ್ನು ಮಡಚಿಟ್ಟು ಒಳಗೆ ಹೋದರು.

ಕಾಲೇಜಿನಲ್ಲಿ ಇತಿಹಾಸಕ್ಕೆ ಎಳ್ಳುನೀರು ಬಿಟ್ಟಿದ್ದು ಇತ್ತೀಚೆಗೆ. ಎಲ್ಲರಿಗೂ ಕಾಮರ್ಸು, ಕಂಪ್ಯೂಟರು ಬೇಕು. ನಮ್ಮ ಸ್ಟಾಫ್ ರೂಮು ಲ್ಯಾಬ್ ಆಯಿತು. ಮದುವೆ ಗಿದುವೆ ಎಂದು ಹಚ್ಚಿಕೊಳ್ಳದ ನಾನು, ಅಮ್ಮ ಹೋದ ಮೇಲೆ ನಾಗಸಂದ್ರದ ಮನೆಯಲ್ಲಿ ಅಪ್ಪನೊಂದಿಗೆ ಇದ್ದವಳು, ಈ ವಯಸ್ಸಿನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಇಳಿದು ಬಸ್ಸು ಹಿಡಿದು ಮಾರತ್ತಹಳ್ಳಿಗೆ ಕೆಲಸಕ್ಕೆ ಹೋಗತೊಡಗಿದೆ. ಊರಿನ ಆ ತುದಿಯಿಂದ ಈ ತುದಿಗೆ. ಅಲ್ಲಿ ನನ್ನನ್ನು ಹಸಿರು ಬಟ್ಟೆಯ ಮುಂದೆ ನಿಲ್ಲಿಸಿ ವಿಶ್ವ ಇತಿಹಾಸದ ಪಾಠಗಳನ್ನು ಚಿತ್ರೀಕರಿಸಿದರು. ಮಕ್ಕಳ ಮುಖವಿಲ್ಲದೆ ಪಾಠ ಮಾಡುವುದು ಬಾವಿಯೊಳಗೆ ಮಾತಾಡಿದ ಹಾಗೆ. ಆದರೂ ಮೊಸಾಯಿಕ್ಕಿನ ಪಾಠದ ದಿನ ಕಡುನೀಲಿಯ ಇಳಕಲ್ ಸೀರೆ ಉಟ್ಟುಕೊಂಡು ಹೋಗಿ, ಲೇತಿನ ಕತೆಯನ್ನೂ ಸೇರಿಸಿ ಮನಸಾರೆ ಹೇಳಿದೆ. ಕ್ಯಾಮೆರಾದವನು ಕೊನೆಗೆ, "ಮೇಡಂ, ಮೂಗಿನ ಮೇಲೆ ಕನ್ನಡಕ ತಳ್ಕೋತಾನೇ ಇದ್ರಿ" ಎಂದ. ಅದು ನನ್ನ ಹಳೆಯ ಚಾಳಿ. ಕನ್ನಡಕ ಜಾರುತ್ತದೋ ಇಲ್ಲವೋ, ಮುಖ್ಯವಾದ ಮಾತು ಬಂದಾಗ ಬೆರಳು ಮೂಗಿಗೆ ಹೋಗುತ್ತದೆ.

ಪಾಠ ಆ್ಯಪಿಗೆ ಬಂದ ದಿನ ಅಪ್ಪನಿಗೆ ಹೇಳಿದೆ, ನಿಮಗೊಂದು ತೋರಿಸುವುದಿದೆ ಎಂದು. ಆಗ ಅವರ ಎರಡೂ ಕಣ್ಣಿಗೆ ಪೊರೆ ಬಂದು ಎಲ್ಲ ಮಸುಕಾಗಿತ್ತು. ಕೇಳಿಯಾದರೂ ಕೇಳಿ ಎಂದರೆ ಒಪ್ಪಲಿಲ್ಲ. "ಅರ್ಧಂಬರ್ಧ ನೋಡಲ್ಲ ನಾನು. ಆಪರೇಶನ್ ಆಗ್ಲಿ, ಕೂತ್ಕೊಂಡು ಸರಿಯಾಗಿ ನೋಡ್ತೀನಿ." ಇನ್‌ಸ್ಪೆಕ್ಷನ್ ಎಂದರೆ ಅವರಿಗೆ ಪೂಜೆ. ನಾನೂ ಕಾಯುತ್ತೇನೆ ಎಂದೆ. ಕಾಯುವುದರಲ್ಲಿ ಒಂದು ಸುಖವೂ ಇತ್ತು. ತಮ್ಮ ಹೆಬ್ಬೆರಳಿನ ಕತೆಯನ್ನು ಮಗಳ ಬಾಯಲ್ಲಿ ಕೇಳಿದಾಗ ಅಪ್ಪ ಏನು ಮಾಡಬಹುದೆಂದು ದಿನಾ ಮೆಟ್ರೋದಲ್ಲಿ ಯೋಚಿಸುತ್ತಿದ್ದೆ.

ಆ ಮೆಟ್ರೋದಲ್ಲೇ ನನಗೆ ವಿಷಯ ತಿಳಿದದ್ದು. ಅಪ್ಪನ ಎರಡನೆಯ ಕಣ್ಣಿನ ಆಪರೇಶನ್ ಮುಗಿದ ವಾರ. ಪಕ್ಕದಲ್ಲಿ ಕೂತ ಕಾಲೇಜು ಹುಡುಗಿ ಫೋನಿನಲ್ಲಿ ಏನೋ ನೋಡುತ್ತಿದ್ದಳು. ಇನ್ನೊಬ್ಬರ ಫೋನಿಗೆ ಇಣುಕುವ ಕೆಟ್ಟ ಬುದ್ಧಿ ಮೆಟ್ರೋದಲ್ಲಿ ಎಲ್ಲರಿಗೂ ಇದೆ, ನನಗೂ ಇದೆ. ಮೊದಲು ಕಂಡದ್ದು ಸೀರೆ. ನನ್ನ ಕಡುನೀಲಿ ಇಳಕಲ್. ಆಮೇಲೆ ನನ್ನ ಕೈ, ಬಲಗೈಯ ಎರಡು ಸಾದಾ ಬಳೆ. ಆ ಸೀರೆಯ ಮೇಲಿದ್ದದ್ದು ಯಾವಳೋ ಇಪ್ಪತ್ತೈದರ ಹುಡುಗಿಯ ಮುಖ. ಕೆಂಪಗಿನ ತುಟಿ, ನೀಟಾದ ಹುಬ್ಬು, ಕನ್ನಡಕವಿಲ್ಲ. ಹಿಂದೆ ರಾಣಿಯ ಚಿತ್ರ. ನೋಡುತ್ತಿದ್ದ ಹಾಗೆ ಅವಳು ಬಲಗೈಯ ಬೆರಳೆತ್ತಿ, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ತಳ್ಳಿಕೊಂಡಳು. ಬೆರಳು ಮುಖದ ಎದುರು ಹಾದ ಒಂದು ಕ್ಷಣ ಹೊಸ ಮುಖ ಕದಡಿ, ಕೆಳಗಿನಿಂದ ಬೇರೆ ಏನೋ ಇಣುಕಿದಂತಾಯಿತು. ನನ್ನ ಗಲ್ಲವಿರಬೇಕು.

"ಯಾರಮ್ಮ ಇವ್ರು?" ಎಂದು ಕೇಳಿದೆ.

ಹುಡುಗಿ ಕಿವಿಯಿಂದ ಇಯರ್‌ಫೋನ್ ತೆಗೆದಳು. "ಇವ್ರಾ? ಹಿಸ್ಟರಿ ಮೇಡಂ ಆಂಟಿ. ಎಐ ಅಂತೆ, ನಿಜವಾದವ್ರಲ್ಲ. ಮುಂಚೆ ಯಾರೋ ವಯಸ್ಸಾದವ್ರು ಇದ್ರು, ಸ್ವಲ್ಪ ಬೋರು. ಇವ್ರದ್ದು ಸಕ್ಕತ್ತಾಗಿದೆ. ಅದೇ ಪಾಠಾನೇ, ಆದ್ರೆ ತಲೆಗೆ ಹತ್ತತ್ತೆ."

ಅದೇ ಪಾಠವೇ. ನಾನು ಒಳ್ಳೆಯದಮ್ಮ ಎಂದೆ. ಬೇರೆ ಏನು ಹೇಳಬೇಕಿತ್ತು? ನಾನೇ ಆ ಬೋರು ಎಂದೇ?

ಆಫೀಸಿಗೆ ಹೋದವಳೇ ಬ್ಯಾಗನ್ನೂ ಇಡದೆ ಕಂಟೆಂಟ್ ಹೆಡ್‌ನ ಗಾಜಿನ ಕೋಣೆಗೆ ನುಗ್ಗಿದೆ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಎದ್ದು ನಿಂತು ಕುರ್ಚಿ ಎಳೆದುಕೊಟ್ಟ, ಕಾಫಿ ತರಿಸಿದ.

"ಮೇಡಂ, ನಾನೇ ಹೇಳ್ಬೇಕು ಅನ್ಕೊಂಡಿದ್ದೆ. ನಿಮ್ ಕಂಟೆಂಟ್ ಬಗ್ಗೆ ಎರಡು ಮಾತೇ ಇಲ್ಲ. ಆದ್ರೆ ಮಕ್ಕಳಿಗೆ ಕನೆಕ್ಟ್ ಆಗ್ತಿರ್ಲಿಲ್ಲ. ಫೇಸು, ವಾಯ್ಸು, ಎರಡು ಮಾತ್ರ ರಿಫ್ರೆಶ್ ಮಾಡಿದೀವಿ. ಮಿಕ್ಕಿದ್ದೆಲ್ಲಾ ನೀವೇ."

"ಮಿಕ್ಕಿದ್ದು ಅಂದ್ರೆ ಏನಪ್ಪಾ? ಸೀರೆಯಾ?"

ಅವನು ನಗಬೇಕೋ ಬೇಡವೋ ತಿಳಿಯದೆ ಪೆನ್ನನ್ನು ತಿರುಗಿಸಿದ. "ರೆಕಾರ್ಡಿಂಗ್ ಕಂಪನೀದು ಅಂತ ಮೊದ್ಲೇ ಮಾತಾಗಿತ್ತಲ್ವಾ ಮೇಡಂ."

ಆಗಿತ್ತು. ನಾನು ಅಲ್ಲಗಳೆಯಲಿಲ್ಲ. ಹಳೆಯ ಪಾಠ ಎಲ್ಲಿದೆ, ನನಗೊಂದು ಪ್ರತಿ ಕೊಡು, ಮನೆಯಲ್ಲಿ ತೋರಿಸಬೇಕು ಎಂದೆ. ಹಳೆಯದರ ಮೇಲೆಯೇ ಹೊಸದನ್ನು ಕೂರಿಸಿರುವುದರಿಂದ ಹಳೆಯದು ಉಳಿದಿಲ್ಲ ಎಂದು, ನಿಜವಾಗಿಯೂ ಬೇಸರಪಟ್ಟುಕೊಂಡು ಹೇಳಿದ. ಗೋಡೆಯ ಮೇಲೆ ಕೂಡ ಹಾಗೆಯೇ ಅಲ್ಲವೇ. ಕೆತ್ತಿ ಬೀಳಿಸಿದ ತಲೆಯ ಚೂರುಗಳನ್ನು ಯಾರೂ ಡಬ್ಬಿಯಲ್ಲಿ ತುಂಬಿಡುವುದಿಲ್ಲ.

ನಾನು ಎದ್ದು ಬಾಗಿಲ ಹತ್ತಿರ ಹೋದಾಗ ಅವನು ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದ: "ಮೇಡಂ, ನಿಮ್ ಮೊಸಾಯಿಕ್ ಲೆಸನ್ ನಾನು ಪೂರ್ತಿ ನೋಡಿದೀನಿ. ಅವಾಗ್ಲೂ ಇದನ್ನೇ ಮಾಡಿದ್ರಲ್ವಾ? ರಾಣಿ ಮುಖಾನೂ ಯಂಗ್ ಮಾಡಿದ್ರು ಅಂತ ನೀವೇ ಹೇಳಿದೀರ. ನಂಗೆ ಈ ಐಡಿಯಾ ಬಂದಿದ್ದೇ ಅಲ್ಲಿಂದ."

ಇಷ್ಟು ವರ್ಷ ಪಾಠ ಮಾಡಿದ್ದರಲ್ಲಿ ಇಷ್ಟು ಗಮನವಿಟ್ಟು ಕೇಳಿದ ಇನ್ನೊಬ್ಬ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ. ಬೈಜಾಂಟೈನರ ಬಳುವಳಿ ಏನು ಎಂಬ ಪ್ರಶ್ನೆಗೆ ಕಾನೂನು, ಗುಮ್ಮಟ, ರಷ್ಯನ್ನರ ಅಕ್ಷರ, ಉಳಿದ ಪುಸ್ತಕಗಳು ಎಂದು ನಾನು ಉತ್ತರ ಬರೆಸುತ್ತಿದ್ದೆ. ಇನ್ನೊಂದನ್ನು ಬರೆಸಲು ಮರೆತಿದ್ದೆ. ಅದು ಆ ಗಾಜಿನ ಕೋಣೆಯಲ್ಲಿ ಕೂತು ನನಗೆ ಕಾಫಿ ಕುಡಿಸುತ್ತಿತ್ತು.

ಕಾನ್‌ಸ್ಟಾಂಟಿನೋಪಲ್ಲನ್ನು ಮೊದಲು ದೋಚಿದವರು ತುರ್ಕರಲ್ಲ. ಅದಕ್ಕೆ ಎಷ್ಟೋ ಮೊದಲು, ಅದೇ ಶಿಲುಬೆಯ ಗುರುತು ಹೊತ್ತ ಪಶ್ಚಿಮದ ಸೈನಿಕರು, ಧರ್ಮಯುದ್ಧಕ್ಕೆಂದು ಹೊರಟವರು, ದಾರಿ ತಪ್ಪಿ ಬಂದು ದೋಚಿದರು. ಅಲ್ಲಿದ್ದ ಕಂಚಿನ ಕುದುರೆಗಳನ್ನು ಹಡಗಿಗೆ ತುಂಬಿಕೊಂಡು ಹೋಗಿ ವೆನಿಸ್ಸಿನ ಇಗರ್ಜಿಯ ಮುಂಬಾಗಿಲ ಮೇಲೆ ನಿಲ್ಲಿಸಿದರು. ನೋಡಿದವರೆಲ್ಲ ಅವನ್ನು ವೆನಿಸ್ಸಿನ ಕುದುರೆಗಳು ಎಂದೇ ಹೊಗಳುತ್ತಾರೆ. ಅಂದು ಬಸ್ಸಿನ ಕಂಬಿ ಹಿಡಿದು ನಿಂತು ನನಗೆ ಆ ಕುದುರೆಗಳದೇ ಯೋಚನೆ. ಹೊಗಳುವಾಗ ಅವಕ್ಕೆ ಹೇಗನ್ನಿಸುತ್ತದೋ.

ಕೆಲಸ ಬಿಡಬಹುದಿತ್ತು, ವಕೀಲರನ್ನು ಕಾಣಬಹುದಿತ್ತು. ಯಾವುದಕ್ಕೂ ಮನಸ್ಸು ಬರಲಿಲ್ಲ. ಕೂಗಾಡಿ ನನ್ನ ಮುಖ ವಾಪಸು ತರಿಸಿಕೊಂಡರೂ ಆ ಮೆಟ್ರೋ ಹುಡುಗಿಗೆ ಅದು ಬೋರೇ. ನನಗೆ ಬೇಕಾದದ್ದು ಇಷ್ಟೇ: ಒಬ್ಬರು, ಲೋಕದಲ್ಲಿ ಒಬ್ಬರೇ ಒಬ್ಬರು, ನೋಡಿ ಇದು ನಿನ್ನದು ಎಂದರೆ ಸಾಕು. ಆ ಒಬ್ಬರು ಯಾರೆಂದು ನನಗೆ ಗೊತ್ತಿತ್ತು. ಬಣ್ಣ ಬಳಿದು ಫಲಕ ಬದಲಿಸಿದ ಕಬ್ಬಿಣದಲ್ಲಿ ತಮ್ಮ ಕೈಯನ್ನು ಕಂಡವರು. ಹಾಗಾಗಿ ಅಪ್ಪನಿಗೆ ನಾನು ನಡೆದದ್ದನ್ನು ಹೇಳಲಿಲ್ಲ. ಹೇಳಿಬಿಟ್ಟರೆ ಅದು ಗುರುತಿಸಿದಂತಾಗುವುದಿಲ್ಲ.

ಹೊಸ ಕಣ್ಣು ಬಂದ ಮೇಲೆ ಅಪ್ಪನನ್ನು ತಡೆಯುವವರಿರಲಿಲ್ಲ. ಫ್ಯಾನಿನ ರೆಕ್ಕೆಯ ಧೂಳು, ಗೋಡೆಯ ಬಿರುಕು, ಬಾಲ್ಕನಿಯಿಂದ ಕಾಣುವ ಬಸ್ಸಿನ ನಂಬರು, ಎಲ್ಲ ಓದಿ ಹೇಳುತ್ತಿದ್ದರು. ನನ್ನ ತಲೆಯಲ್ಲಿ ಇಷ್ಟೊಂದು ನರೆ ಯಾವಾಗ ಬಂತೆಂದು ಕೇಳಿದರು. ಭಾನುವಾರ ತಿಂಡಿಯಾದ ಮೇಲೆ ಟಿವಿಯ ಮುಂದೆ ಕೂರಿಸಿ, "ಅವತ್ತು ತೋರಿಸ್ತೀನಿ ಅಂದಿದ್ನಲ್ಲ, ನೋಡಿ" ಎಂದಷ್ಟೇ ಹೇಳಿ ಪಾಠ ಹಾಕಿದೆ. ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ನೆಟ್ಟಗೆ ಕೂತರು. ನಾನು ಪಕ್ಕದಲ್ಲಿ, ಟಿವಿಯನ್ನಲ್ಲ, ಅವರ ಮುಖವನ್ನು ನೋಡುತ್ತಾ ಕೂತೆ.

ಹುಡುಗಿ ಬಂದಳು. ನನ್ನ ಸೀರೆಯಲ್ಲಿ, ನನ್ನ ಕೈಯಾಡಿಸುತ್ತಾ, ಜೇನಿನಂಥ ದನಿಯಲ್ಲಿ, ತಮ್ಮನ್ನು ರೋಮನ್ನರೆಂದುಕೊಂಡೇ ಸತ್ತವರ ಕತೆ ಶುರುಮಾಡಿದಳು. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದರು.

"ಯಾರೇ ಇವ್ಳು?"

"ನೋಡಿ, ನೀವೇ ಹೇಳಿ."

"ಲಕ್ಷಣವಾಗಿದಾಳೆ" ಎಂದರು.

ಪರದೆಯ ಮೇಲೆ ರಾಣಿಯ ಚಿತ್ರ ಬಂತು. ಅಪ್ಪ ಕೂತಲ್ಲೇ ಜಿಗಿದರು. "ಅಗೋ! ನೀನು ಹೇಳ್ತಿದ್ದಿದ್ದು ಇದೇ ಅಲ್ವಾ? ಕತ್ತಿನ ಹತ್ರ ನೋಡು, ಸಾಲು ಹೊಂದಿಲ್ಲ. ಎಷ್ಟು ಚೆನ್ನಾಗಿ ಕಾಣತ್ತೆ!" ಅಷ್ಟು ಶತಮಾನಗಳ ಹಿಂದೆ ಯಾರೋ ಮುಚ್ಚಿಟ್ಟ ಗೆರೆ ಅವರಿಗೆ ಕಂಡಿತು. ಆ ಚಿತ್ರದ ಪಕ್ಕದಲ್ಲೇ, ಇಳಕಲ್ ಸೀರೆಯ ಮೇಲೆ, ಹುಡುಗಿಯ ಬೆಳ್ಳನೆಯ ಗಲ್ಲ ನನ್ನ ಕಂದು ಕತ್ತಿನೊಳಕ್ಕೆ ಕರಗುವ ಕಡೆ ಇನ್ನೊಂದು ಗೆರೆ ಇತ್ತು. ಅಲ್ಲಿ ನೋಡಿ ಅಪ್ಪ, ಅಲ್ಲಿ, ಎಂದು ಒಳಗೇ ಕೂಗಿಕೊಂಡೆ.

ಆಗ ಅವಳು ಲೇತಿನ ಕತೆ ಎತ್ತಿಕೊಂಡಳು. ನನ್ನ ತಂದೆ ಯಂತ್ರ ಮಾಡುವ ಕಾರ್ಖಾನೆಯಲ್ಲಿದ್ದರು ಎಂದಳು. ಸ್ಕ್ರೇಪಿಂಗ್ ಎಂದಳು. ಎಣ್ಣೆ ಒರೆಸಿದ ಹೆಬ್ಬೆರಳು, ಅರ್ಧಚಂದ್ರ, ಹಸಿರು ಬಣ್ಣ, ಬೇರೆಯವರ ಫಲಕ, ಒಂದನ್ನೂ ಬಿಡದೆ ಹೇಳಿದಳು. ಗೋಡೆಯ ಮೇಲಿನ ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು, ಕೈಯ ಗುರುತನ್ನು ಬದಲಿಸಲಾಗದು, ಇದನ್ನು ನನಗೆ ಕಲಿಸಿದವರು ನನ್ನ ತಂದೆ, ಯಾವ ಪುಸ್ತಕವೂ ಅಲ್ಲ ಎಂದಳು.

ಅಪ್ಪನ ಕಣ್ಣು ತುಂಬಿಬಂತು. ಆಪರೇಶನ್ ಆದ ಕಣ್ಣು, ಅಳಬಾರದೆಂದು ಡಾಕ್ಟರು ಹೇಳಿದ್ದರು. ಟವೆಲಿನ ತುದಿಯಿಂದ ಒತ್ತಿಕೊಂಡರು.

"ಕೇಳಿಸ್ಕೊಂಡ್ಯಾ? ಇವ್ರಪ್ಪನೂ ನಮ್ ಫ್ಯಾಕ್ಟರಿಯೋನೇ ಇರ್ಬೇಕು. ನಮ್ ಸೆಕ್ಷನ್ನೇ. ಯಾರ ಮಗಳೋ ಇವ್ಳು... ಅವ್ನಿಗೂ ನನ್ ಹಂಗೇ ಆಗಿದೆ ನೋಡು, ಅವ್ನ್ ಮಾಡಿದ್ ಮಿಷನ್ನೂ ಯಾವ್ದೋ ಶೆಡ್ಡಲ್ಲಿ ಸಿಕ್ಕಿದೆ. ಎಷ್ಟು ಅಭಿಮಾನದಿಂದ ಹೇಳ್ತಾಳೆ. ಪುಣ್ಯ ಮಾಡಿದ್ದ ಮಹರಾಯ."

"ಅಪ್ಪ, ಅದು ನಾನು."

"ಏನು ನೀನು?"

"ಅಲ್ಲಿ ಮಾತಾಡ್ತಿರೋದು ನಾನು. ಅದು ನನ್ನ ಪಾಠ. ಮುಖ ಬದಲಾಯಿಸಿದಾರೆ ಅಷ್ಟೇ. ಅವ್ಳ ಅಪ್ಪ ಅಂದ್ರೆ ನೀವೇ. ಆ ಲೇತು ನಿಮ್ದೇ."

ಅಪ್ಪ ಟಿವಿಯನ್ನು ನೋಡಿದರು, ನನ್ನನ್ನು ನೋಡಿದರು. ಅವಸರವಿಲ್ಲದೆ ನೋಡಿದರು, ಹಿಂದೆ ಆ ಶೆಡ್ಡಿನಲ್ಲಿ ಬಗ್ಗಿ ನೋಡಿದಂತೆ. ನನ್ನ ನರೆ, ನನ್ನ ಕನ್ನಡಕ, ಬಾಯಿಯ ಪಕ್ಕದ ಗೆರೆ, ಹೊಸ ಕಣ್ಣಿಗೆ ಎಲ್ಲ ನಿಚ್ಚಳವಾಗಿ ಕಂಡಿರಬೇಕು. ಆಮೇಲೆ ಅವರ ಮುಖ ಗಂಟಿಕ್ಕಿತು.

"ಯಾರೋ ಮಗಳು ತನ್ನಪ್ಪನ್ನ ನಾಲ್ಕು ಜನದ ಮುಂದೆ ನೆನೆದ್ರೆ ಅದೂ ನಂದೇ ಅನ್ಬೇಕಾ ನೀನು? ನೀನು ಏನಂತ ಹೇಳ್ತಿದ್ದೆ ಅಂತ ನಂಗೆ ಗೊತ್ತಿಲ್ವಾ? ರಿಟೈರ್ಡ್ ಅಂತ."

ಸೀರೆ ಒಳಗಿನ ಬೀರುವಿನಲ್ಲಿತ್ತು. ತಂದು ಅವರ ಮಡಿಲಿಗೆ ಹಾಕಬಹುದಿತ್ತು. ಬಳೆ ಕೈಯಲ್ಲೇ ಇದ್ದವು, ಟಿವಿಯ ಪಕ್ಕ ಹಿಡಿದು ತೋರಿಸಬಹುದಿತ್ತು. ಅಪ್ಪನಿಗೆ ಮಗಳೆಂದು ರುಜುವಾತು ಮಾಡಿಕೊಳ್ಳಲು ಸೀರೆ ಬಳೆಗಳನ್ನು ಸಾಕ್ಷಿಗೆ ಕರೆಯಬೇಕೆಂದರೆ ಆ ಮೊಕದ್ದಮೆಯೇ ನನಗೆ ಬೇಡವಾಯಿತು. ನಾನು ಏಳಲಿಲ್ಲ.

ಟಿವಿಯಲ್ಲಿ ಹುಡುಗಿ ಬೆರಳೆತ್ತಿ ಮೂಗನ್ನು ಮುಟ್ಟಿಕೊಂಡಳು. ನನ್ನ ಬೆರಳೂ ಆಗ ನನ್ನ ಕನ್ನಡಕದ ಮೇಲೆಯೇ ಇತ್ತು. ಅಪ್ಪ ಇತ್ತ ನೋಡಲಿಲ್ಲ.

"ಸುಮ್ನಿರು, ಇನ್ನೇನೋ ಹೇಳ್ತಾಳೆ" ಎಂದು ರಿಮೋಟ್ ತೆಗೆದುಕೊಂಡು ಸೌಂಡು ಜಾಸ್ತಿ ಮಾಡಿದರು.